ಎರಡು ಫಂಕ್ಷನ್‌ಗಳು ಸಮವೆಂದು ಹೇಳುವುದು ಯಾವಾಗ?

ಎರಡು ಸಂಖ್ಯೆಗಳು ಸಮವೇ ಎಂದು ಕೇಳಿದರೆ ಗಣಕ ಕ್ಷಣಮಾತ್ರದಲ್ಲಿ ಉತ್ತರಿಸುತ್ತದೆ. ಎರಡು ಹೆಸರುಗಳಿರಲಿ, ಎರಡು ದಿನಾಂಕಗಳಿರಲಿ, ಸಾವಿರ ಸಾಲುಗಳ ಎರಡು ಪಟ್ಟಿಗಳಿರಲಿ, ಅದು ತಡಮಾಡುವುದಿಲ್ಲ. ಆದರೆ ಎರಡು ಫಂಕ್ಷನ್‌ಗಳು ಸಮವೇ ಎಂಬ ಪ್ರಶ್ನೆ ಎದುರಾದೊಡನೆ ಪ್ರೋಗ್ರಾಮಿಂಗ್ ಭಾಷೆಗಳು ಒಂದೊಂದು ದಾರಿ ಹಿಡಿಯುತ್ತವೆ. ಕೆಲವು ಆ ಪ್ರಶ್ನೆಯನ್ನೇ ನಿರಾಕರಿಸುತ್ತವೆ. ಇನ್ನು ಕೆಲವು ಬೇರೊಂದು ಸುಲಭದ ಪ್ರಶ್ನೆಗೆ ಉತ್ತರ ಕೊಟ್ಟು ಸುಮ್ಮನಾಗುತ್ತವೆ. ಇದು ಭಾಷೆಗಳನ್ನು ರೂಪಿಸಿದವರ ಅಲಕ್ಷ್ಯವಲ್ಲ. ಈ ಪ್ರಶ್ನೆಗೆ ಎಲ್ಲ ಸಂದರ್ಭಗಳಲ್ಲಿಯೂ ಸರಿಯುತ್ತರ ಕೊಡಬಲ್ಲ ಯಂತ್ರ ಇರಲಾರದು ಎಂಬುದು 1936ರಿಂದಲೇ ಸಿದ್ಧವಾಗಿರುವ ಸಂಗತಿ.

ಇದು ಕೇವಲ ತಾರ್ಕಿಕರ ಕುತೂಹಲವೂ ಅಲ್ಲ. ತಂತ್ರಾಂಶವನ್ನು ಪರಿಷ್ಕರಿಸುವಾಗಲೆಲ್ಲ ಹಳೆಯ ಫಂಕ್ಷನ್ ಒಂದನ್ನು ತೆಗೆದು ಅದರ ಸ್ಥಾನದಲ್ಲಿ ಹೊಸದನ್ನು ಇಡುತ್ತಾರೆ. ಎರಡೂ ಒಂದೇ ಎಂಬ ಭರವಸೆಯ ಮೇಲೆ ಕೆಲಸ ಮುಂದುವರಿಯುತ್ತದೆ. ಬ್ಯಾಂಕಿನ ಬಡ್ಡಿಯ ಲೆಕ್ಕ, ವಿಮಾನದ ಇಂಧನದ ಲೆಕ್ಕ, ಆಸ್ಪತ್ರೆಯಲ್ಲಿ ಔಷಧದ ಪ್ರಮಾಣದ ಲೆಕ್ಕ, ಎಲ್ಲವೂ ಇಂತಹ ಭರವಸೆಗಳ ಮೇಲೆ ನಿಂತಿವೆ. ವೈದ್ಯನಾದ ನನಗೆ ಈ ವಿಷಯ ಮುಖ್ಯವೆನಿಸಿರುವುದು ಕೊನೆಯ ಕಾರಣದಿಂದ. ಆದ್ದರಿಂದ ಮೊದಲ ಉದಾಹರಣೆಯನ್ನೂ ಅಲ್ಲಿಂದಲೇ ಆರಿಸಿಕೊಳ್ಳುತ್ತೇನೆ.

ಒಂದು ಸೂತ್ರ, ಎರಡು ಬರವಣಿಗೆ

ಕ್ಯಾನ್ಸರ್ ಚಿಕಿತ್ಸೆಯ ಅನೇಕ ಔಷಧಗಳ ಪ್ರಮಾಣವನ್ನು ರೋಗಿಯ ದೇಹದ ಮೇಲ್ಮೈ ವಿಸ್ತೀರ್ಣದ ಆಧಾರದಿಂದ ನಿರ್ಧರಿಸುತ್ತಾರೆ. ಅದನ್ನು ಲೆಕ್ಕಹಾಕಲು ಹೆಚ್ಚು ಬಳಕೆಯಲ್ಲಿರುವುದು 1987ರಲ್ಲಿ ಪ್ರಕಟವಾದ ಮೋಸ್ಟೆಲ್ಲರ್ ಸೂತ್ರ. ಸೆಂಟಿಮೀಟರ್‌ಗಳಲ್ಲಿರುವ ಎತ್ತರವನ್ನು ಕಿಲೋಗ್ರಾಮ್‌ಗಳಲ್ಲಿರುವ ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ವಿಸ್ತೀರ್ಣ ಚದರ ಮೀಟರ್‌ಗಳಲ್ಲಿ ಸಿಗುತ್ತದೆ. 3600ರ ವರ್ಗಮೂಲ 60. ಆದ್ದರಿಂದ ಎತ್ತರ ಮತ್ತು ತೂಕದ ಗುಣಲಬ್ಧಕ್ಕೆ ಮೊದಲೇ ವರ್ಗಮೂಲ ತೆಗೆದು ಆಮೇಲೆ 60ರಿಂದ ಭಾಗಿಸಿದರೂ ಅದೇ ಉತ್ತರ ಬರಬೇಕು. ಗಣಿತದ ದೃಷ್ಟಿಯಿಂದ ಈ ಎರಡು ವಿಧಾನಗಳು ಒಂದೇ ಫಂಕ್ಷನ್. ನಮ್ಮ ಪಠ್ಯಪುಸ್ತಕಗಳ ಮಾತಿನಲ್ಲಿ, ಒಂದೇ ಉತ್ಪನ್ನ.

ಇವನ್ನು ಸಿ, ಜಾವಾ ಅಥವಾ ಗೋ ಭಾಷೆಯಲ್ಲಿ ಬರೆಯುವಾಗ ಎತ್ತರ, ತೂಕಗಳನ್ನು ಪೂರ್ಣಾಂಕಗಳೆಂದು ಘೋಷಿಸಿದರೆ ಚಿತ್ರ ಬದಲಾಗುತ್ತದೆ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದಾಗ ಈ ಭಾಷೆಗಳು ದಶಮಾಂಶ ಭಾಗವನ್ನು ಬಿಟ್ಟುಬಿಡುತ್ತವೆ. ಈಗ ಮೂವರನ್ನು ಕಲ್ಪಿಸಿಕೊಳ್ಳೋಣ. 180 ಸೆಂಟಿಮೀಟರ್ ಎತ್ತರ, 80 ಕಿಲೋ ತೂಕದ ವ್ಯಕ್ತಿಗೆ ಗುಣಲಬ್ಧ 14400. 3600ರಿಂದ ಭಾಗಿಸಿದರೆ ಶೇಷವಿಲ್ಲದೆ 4. ಎರಡು ವಿಧಾನಗಳೂ 2.00 ಎನ್ನುತ್ತವೆ. 170 ಸೆಂಟಿಮೀಟರ್, 65 ಕಿಲೋದ ವ್ಯಕ್ತಿಗೆ ಮೊದಲ ವಿಧಾನ 1.73 ಎಂದರೆ ಎರಡನೆಯದು 1.75 ಎನ್ನುತ್ತದೆ. 100 ಸೆಂಟಿಮೀಟರ್, 16 ಕಿಲೋದ ಮಗುವಿಗೆ ಎರಡನೆಯ ವಿಧಾನ 0.67 ಕೊಟ್ಟರೆ, ಮೊದಲನೆಯದು ಕೊಡುವುದು ಸೊನ್ನೆ. ಪರೀಕ್ಷೆಗೆಂದು ಆರಿಸಿಕೊಂಡವನು ಮೊದಲನೆಯ ವ್ಯಕ್ತಿ ಮಾತ್ರವಾಗಿದ್ದರೆ ಈ ಭೇದ ಬೆಳಕಿಗೆ ಬರುತ್ತಲೇ ಇರಲಿಲ್ಲ.

ಕಾಗದದ ಮೇಲೆ ಸಮವಾದದ್ದು ಭಾಷೆಯೊಳಗೆ ಸಮವಾಗಿರಬೇಕಿಲ್ಲ. ಹಾಗಾದರೆ ಭಾಷೆಯೊಳಗೆ ಸಮವೆಂದರೇನು?

ಸಮತೆಯ ಮೂರು ಅರ್ಥಗಳು

ಮೊದಲನೆಯದು ಗುರುತಿನ ಸಮತೆ. ಗಣಕದ ಸ್ಮೃತಿಯಲ್ಲಿ ಎರಡು ಹೆಸರುಗಳು ಒಂದೇ ವಸ್ತುವಿನತ್ತ ಬೆರಳು ತೋರುತ್ತಿದ್ದರೆ ಅವು ಸಮ. ಇದನ್ನು ಪರೀಕ್ಷಿಸುವುದು ಬಹಳ ಅಗ್ಗ. ಎರಡು ವಿಳಾಸಗಳನ್ನು ಹೋಲಿಸಿದರೆ ಆಯಿತು.

ಎರಡನೆಯದು ಪಠ್ಯದ ಸಮತೆ. ಎರಡು ಫಂಕ್ಷನ್‌ಗಳನ್ನು ಒಂದೇ ರೀತಿ ಬರೆದಿದ್ದರೆ ಅವು ಸಮ. ಒಳಗಿನ ಚರಾಕ್ಷರಗಳ ಹೆಸರು ಬೇರೆಯಾಗಿದ್ದರೂ ಪರವಾಗಿಲ್ಲ ಎಂಬಷ್ಟು ಔದಾರ್ಯವನ್ನು ಇದಕ್ಕೆ ಸೇರಿಸಿಕೊಳ್ಳಬಹುದು. ಯೂನಿಸನ್ ಎಂಬ ಭಾಷೆ ಪ್ರತಿಯೊಂದು ಫಂಕ್ಷನನ್ನೂ ಅದರ ರಚನೆಯಿಂದ ಲೆಕ್ಕಹಾಕಿದ ಮುದ್ರೆಯಿಂದಲೇ ಗುರುತಿಸುತ್ತದೆ. ಒಂದೇ ರಚನೆಯ ಎರಡು ಫಂಕ್ಷನ್‌ಗಳಿಗೆ ಬೇರೆ ಬೇರೆ ಹೆಸರಿಟ್ಟರೂ ಅದರ ಪಾಲಿಗೆ ಅವು ಒಂದೇ.

ಮೂರನೆಯದು ನಡವಳಿಕೆಯ ಸಮತೆ. ಯಾವ ಇನ್‌ಪುಟ್ ಕೊಟ್ಟರೂ ಎರಡೂ ಒಂದೇ ಉತ್ತರ ಕೊಟ್ಟರೆ ಅವು ಸಮ; ಒಳಗೆ ಹೇಗೆ ಕೆಲಸ ಮಾಡುತ್ತವೆ ಎಂಬುದು ಅಪ್ರಸ್ತುತ. ಗಣಿತಜ್ಞರು ಫಂಕ್ಷನ್‌ಗಳ ಸಮತೆ ಎನ್ನುವಾಗ ಹೇಳುವುದು ಇದನ್ನೇ. ಸಾಮಾನ್ಯವಾಗಿ ನಮಗೆ ಬೇಕಾಗಿರುವುದೂ ಇದೇ.

ಮೊದಲ ಎರಡು ಅರ್ಥಗಳಲ್ಲಿ ಸಮವಾದ ಫಂಕ್ಷನ್‌ಗಳು, ಹೊರಗಿನ ಸ್ಥಿತಿಯನ್ನು ಅವಲಂಬಿಸದಿದ್ದರೆ, ಮೂರನೆಯ ಅರ್ಥದಲ್ಲಿಯೂ ಸಮವಾಗಿರುತ್ತವೆ. ತೊಡಕಿರುವುದು ವಿರುದ್ಧ ದಿಕ್ಕಿನಲ್ಲಿ: ಬೇರೆ ಬೇರೆ ರೀತಿ ಬರೆದ ಎರಡು ಫಂಕ್ಷನ್‌ಗಳ ನಡವಳಿಕೆ ಒಂದೇ ಎಂದು ತಿಳಿಯುವುದು ಹೇಗೆ?

ನಿರ್ಣಯ ಏಕೆ ಅಸಾಧ್ಯ

ಪ್ರತಿಯೊಂದು ಇನ್‌ಪುಟ್ಟನ್ನೂ ಕೊಟ್ಟು ನೋಡುವುದು ಮೊದಲು ಹೊಳೆಯುವ ಉಪಾಯ. ಇನ್‌ಪುಟ್ 64 ಬಿಟ್‌ಗಳ ಒಂದೇ ಒಂದು ಸಂಖ್ಯೆಯಾಗಿದ್ದರೂ ಸಾಧ್ಯತೆಗಳು ಸುಮಾರು 1.8 × 10¹⁹. ಸೆಕೆಂಡಿಗೆ 100 ಕೋಟಿ ಪರೀಕ್ಷೆ ಮಾಡಿದರೂ ಮುಗಿಯಲು 580ಕ್ಕೂ ಹೆಚ್ಚು ವರ್ಷಗಳು ಬೇಕು. ಇನ್‌ಪುಟ್‌ಗೆ ಮಿತಿಯೇ ಇಲ್ಲದಿದ್ದರೆ ಈ ಉಪಾಯ ಎಂದೂ ಮುಗಿಯದು.

ಪರೀಕ್ಷೆ ಬೇಡ, ಪ್ರೋಗ್ರಾಮನ್ನು ಓದಿ ತರ್ಕದಿಂದ ತೀರ್ಮಾನಿಸೋಣ ಎಂದರೆ? ಒಂದು ಉದಾಹರಣೆ ನೋಡಿ. 2ಕ್ಕಿಂತ ದೊಡ್ಡದಾದ ಸರಿಸಂಖ್ಯೆಯೊಂದನ್ನು ಕೊಟ್ಟರೆ, ಅದು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿದ್ದಲ್ಲಿ 1, ಇಲ್ಲದಿದ್ದಲ್ಲಿ 0 ಎನ್ನುವ ಫಂಕ್ಷನ್ ಬರೆಯುವುದು ಹತ್ತು ಸಾಲಿನ ಕೆಲಸ. ಏನು ಕೊಟ್ಟರೂ 1 ಎನ್ನುವ ಇನ್ನೊಂದು ಫಂಕ್ಷನ್ ಒಂದೇ ಸಾಲಿನದು. ಇವೆರಡೂ ಸಮವೇ? ಇದು 1742ರಲ್ಲಿ ಗೋಲ್ಡ್‌ಬಾಖ್ ಅವರು ಆಯ್ಲರ್ ಅವರಿಗೆ ಬರೆದ ಪತ್ರದಿಂದ ಹುಟ್ಟಿದ ಊಹೆಯೇ ಆಗಿದೆ. 4 × 10¹⁸ರವರೆಗಿನ ಸಂಖ್ಯೆಗಳಿಗೆ ಅದು ನಿಜವೆಂದು ಗಣಕಗಳು ತೋರಿಸಿವೆ. ಸಾಧನೆ ಮಾತ್ರ ಇನ್ನೂ ಯಾರಿಗೂ ದಕ್ಕಿಲ್ಲ. ಫಂಕ್ಷನ್‌ಗಳ ಸಮತೆಯನ್ನು ನಿರ್ಣಯಿಸುವ ಯಂತ್ರವೊಂದು ಇದ್ದಿದ್ದರೆ ಇಂತಹ ಎಷ್ಟೋ ಪ್ರಶ್ನೆಗಳು ಗುಂಡಿ ಒತ್ತಿದೊಡನೆ ಬಗೆಹರಿಯುತ್ತಿದ್ದವು.

ಅಂತಹ ಯಂತ್ರ ಇನ್ನೂ ಸಿಕ್ಕಿಲ್ಲವೆಂದಲ್ಲ, ಸಿಗಲು ಸಾಧ್ಯವೇ ಇಲ್ಲ. 1936ರಲ್ಲಿ ಅಮೆರಿಕದ ಅಲೊಂಝೊ ಚರ್ಚ್ ಅವರು ತಮ್ಮ ಲ್ಯಾಂಬ್ಡಾ ಕ್ಯಾಲ್ಕುಲಸ್‌ನ ಎರಡು ಅಭಿವ್ಯಕ್ತಿಗಳಲ್ಲಿ ಒಂದನ್ನು ನಿಯಮಾನುಸಾರ ಇನ್ನೊಂದಾಗಿ ಪರಿವರ್ತಿಸಬಹುದೇ ಎಂದು ನಿರ್ಣಯಿಸುವ ವಿಧಾನವಿಲ್ಲವೆಂದು ಸಾಧಿಸಿದರು. ಗಣನೆಯ ಮಿತಿಯನ್ನು ತೋರಿಸಿದ ಮೊತ್ತಮೊದಲ ಫಲಿತಾಂಶಗಳಲ್ಲಿ ಒಂದು ಸಮತೆಯ ಪ್ರಶ್ನೆಯೇ ಆಗಿತ್ತು ಎಂಬುದು ಗಮನಾರ್ಹ. ಅದೇ ವರ್ಷ ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಅವರು ಯಂತ್ರಗಳ ನಡವಳಿಕೆಯನ್ನು ಮುಂಚಿತವಾಗಿ ತಿಳಿಯುವುದಕ್ಕೆ ಇರುವ ಇಂತಹುದೇ ಮಿತಿಯನ್ನು ಬೇರೆ ದಾರಿಯಿಂದ ತೋರಿಸಿದರು. ಕೊಟ್ಟ ಪ್ರೋಗ್ರಾಮ್ ಎಂದಾದರೂ ನಿಲ್ಲುತ್ತದೆಯೇ ಎಂದು ಹೇಳುವ ಸಾರ್ವತ್ರಿಕ ವಿಧಾನವಿಲ್ಲ ಎಂದು ಇಂದು ನಾವು ಹೇಳುವ ಮಾತಿನ ಮೂಲ ಅಲ್ಲಿದೆ.

ನಿಲ್ಲುವಿಕೆಯ ಪ್ರಶ್ನೆಯನ್ನು ಸಮತೆಯ ಪ್ರಶ್ನೆಯಾಗಿ ಮಾರ್ಪಡಿಸುವುದು ಸುಲಭ. ಯಾವುದೋ ಒಂದು ಪ್ರೋಗ್ರಾಮ್ ಕೊಟ್ಟಿದ್ದಾರೆ ಎನ್ನಿ. ಆ ಪ್ರೋಗ್ರಾಮನ್ನು, ಇನ್‌ಪುಟ್ ಆಗಿ ಬಂದ ಸಂಖ್ಯೆಯಷ್ಟು ಹೆಜ್ಜೆಗಳವರೆಗೆ ಮಾತ್ರ ನಡೆಸಿ, ಅಷ್ಟರಲ್ಲಿ ಅದು ನಿಂತರೆ 1, ನಿಲ್ಲದಿದ್ದರೆ 0 ಎಂದು ಉತ್ತರಿಸುವ ಫಂಕ್ಷನ್ ರಚಿಸೋಣ. ಏನೇ ಬಂದರೂ 0 ಎನ್ನುವ ಇನ್ನೊಂದನ್ನು ಪಕ್ಕದಲ್ಲಿಡೋಣ. ಪ್ರೋಗ್ರಾಮ್ ಎಂದೂ ನಿಲ್ಲದಿದ್ದರೆ ಮಾತ್ರ ಇವೆರಡೂ ಸಮ. ಸಮತೆಯನ್ನು ನಿರ್ಣಯಿಸಬಲ್ಲವನು ನಿಲ್ಲುವಿಕೆಯನ್ನೂ ನಿರ್ಣಯಿಸಬಲ್ಲ. ಅದು ಅಸಾಧ್ಯವಾದ್ದರಿಂದ ಇದೂ ಅಸಾಧ್ಯ. ಇಲ್ಲಿನ ಎರಡು ಫಂಕ್ಷನ್‌ಗಳೂ ಯಾವಾಗಲೂ ಉತ್ತರ ಕೊಟ್ಟು ಮುಗಿಯುವಂಥವು. ಅನಂತ ಸುತ್ತಿನಲ್ಲಿ ಸಿಲುಕುವ ಫಂಕ್ಷನ್‌ಗಳನ್ನು ದೂರವಿಟ್ಟರೂ ತೊಡಕು ತಪ್ಪುವುದಿಲ್ಲವೆಂದು ಇದರಿಂದ ತಿಳಿಯುತ್ತದೆ. 1953ರಲ್ಲಿ ಹೆನ್ರಿ ರೈಸ್ ಅವರು ಇದನ್ನು ವ್ಯಾಪಕಗೊಳಿಸಿದರು: ಕೆಲವು ಪ್ರೋಗ್ರಾಮ್‌ಗಳಿಗಿದ್ದು ಕೆಲವಕ್ಕಿಲ್ಲದ ನಡವಳಿಕೆಯ ಯಾವ ಗುಣವನ್ನೂ, ಪ್ರೋಗ್ರಾಮಿನ ಪಠ್ಯವನ್ನು ಮಾತ್ರ ನೋಡಿ ನಿರ್ಣಯಿಸುವ ಸಾರ್ವತ್ರಿಕ ವಿಧಾನವಿಲ್ಲ.

ಇಲ್ಲಿ ಒಂದು ಅಸಮತೋಲವನ್ನು ಗುರುತಿಸಬೇಕು. ಯಾವಾಗಲೂ ಮುಗಿಯುವ ಎರಡು ಫಂಕ್ಷನ್‌ಗಳು ಸಮವಲ್ಲದಿದ್ದರೆ ಒಂದೊಂದೇ ಇನ್‌ಪುಟ್ ಕೊಡುತ್ತಾ ಹೋದಂತೆ ಎಂದಾದರೊಂದು ದಿನ ಭೇದ ಕಾಣಿಸಿಕೊಳ್ಳುತ್ತದೆ. ಒಂದೇ ವಿರುದ್ಧ ಉದಾಹರಣೆ ಸಾಕು. ಸಮವಾಗಿದ್ದರೆ ಹಾಗಲ್ಲ. ಭೇದ ಕಾಣದೆ ಕಳೆದ ಪ್ರತಿದಿನವೂ, ನಾಳೆ ಕಾಣಲಾರದು ಎಂಬುದಕ್ಕೆ ಪುರಾವೆಯಾಗದು.

ಭಾಷೆಗಳು ಹಿಡಿದ ದಾರಿಗಳು

ಈ ಮಿತಿಯ ಮುಂದೆ ಭಾಷೆಗಳನ್ನು ರೂಪಿಸಿದವರು ಮುಖ್ಯವಾಗಿ ಎರಡು ನಿಲುವು ತಳೆದಿದ್ದಾರೆ.

ಮೊದಲ ಗುಂಪು ಪ್ರಶ್ನೆಯನ್ನೇ ನಿಷೇಧಿಸುತ್ತದೆ. ಸ್ಟ್ಯಾಂಡರ್ಡ್ ಎಂಎಲ್ ಭಾಷೆಯಲ್ಲಿ ಸಮತೆಯನ್ನು ಕೇಳಬಹುದಾದ ವಿಧಗಳದ್ದೇ ಒಂದು ವರ್ಗವಿದೆ. ಫಂಕ್ಷನ್‌ಗಳಿಗೆ ಅದರಲ್ಲಿ ಪ್ರವೇಶವಿಲ್ಲ. ಎರಡು ಫಂಕ್ಷನ್‌ಗಳನ್ನು ಹೋಲಿಸಿ ಬರೆದರೆ ಕಂಪೈಲರ್ ಆ ಪ್ರೋಗ್ರಾಮನ್ನೇ ಒಪ್ಪುವುದಿಲ್ಲ. ಹ್ಯಾಸ್ಕೆಲ್‌ನ ನಿಲುವೂ ಹೆಚ್ಚುಕಡಿಮೆ ಇದೇ. ಗೋ ಭಾಷೆಯಲ್ಲಿ ಫಂಕ್ಷನ್ ಒಂದನ್ನು ಶೂನ್ಯಮೌಲ್ಯದೊಂದಿಗೆ ಹೋಲಿಸಿ ‘ಇಲ್ಲಿ ಏನಾದರೂ ಇದೆಯೇ’ ಎಂದು ಕೇಳಬಹುದೇ ಹೊರತು ಇನ್ನೊಂದು ಫಂಕ್ಷನ್‌ನೊಂದಿಗೆ ಹೋಲಿಸುವಂತಿಲ್ಲ. ಓಕ್ಯಾಮಲ್ ಭಾಷೆ ಬರೆಯುವಾಗ ತಡೆಯುವುದಿಲ್ಲ. ಆದರೆ ರಚನೆಯನ್ನು ಹೋಲಿಸುವ ಸಮತೆಯನ್ನು ಫಂಕ್ಷನ್‌ಗಳ ಮೇಲೆ ಬಳಸಿದರೆ ಪ್ರೋಗ್ರಾಮ್ ನಡೆಯುವಾಗ ದೋಷವೆಂದು ಕೂಗುತ್ತದೆ.

ಎರಡನೆಯ ಗುಂಪು ಮೂರನೆಯ ಅರ್ಥದ ಪ್ರಶ್ನೆಗೆ ಮೊದಲನೆಯ ಅರ್ಥದ ಉತ್ತರ ಕೊಡುತ್ತದೆ. ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಈ ಗುಂಪಿನವು. ‘ಬಂದ ಸಂಖ್ಯೆಗೆ ಒಂದನ್ನು ಕೂಡು’ ಎಂಬ ಫಂಕ್ಷನನ್ನು ಅಕ್ಷರಶಃ ಒಂದೇ ರೀತಿ ಎರಡು ಸಲ ಬರೆದು ಹೋಲಿಸಿದರೆ ಎರಡೂ ಭಾಷೆಗಳು ‘ಸಮವಲ್ಲ’ ಎನ್ನುತ್ತವೆ. ಏಕೆಂದರೆ ಅವು ಸ್ಮೃತಿಯಲ್ಲಿ ಎರಡು ವಸ್ತುಗಳು. ಜಾಲಪುಟಗಳನ್ನು ನಿರ್ಮಿಸುವವರಿಗೆ ಇದರ ಪರಿಣಾಮ ನಿತ್ಯದ ಅನುಭವ. ಪುಟದ ಗುಂಡಿಯೊಂದಕ್ಕೆ ಜೋಡಿಸಿದ ಫಂಕ್ಷನನ್ನು ತೆಗೆದುಹಾಕಬೇಕಾದರೆ ಜೋಡಿಸಿದ್ದ ಅದೇ ವಸ್ತುವನ್ನೇ ಕೊಡಬೇಕು. ಅದರಂತೆಯೇ ಹೊಸದಾಗಿ ಬರೆದದ್ದನ್ನು ಕೊಟ್ಟರೆ ಏನೂ ಆಗುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ರಿಯಾಕ್ಟ್‌ನಲ್ಲಿ ಪ್ರತಿಸಲ ಹೊಸದಾಗಿ ಹುಟ್ಟುವ ಫಂಕ್ಷನ್ ಹಳೆಯದಕ್ಕೆ ಸಮವೆನಿಸದ ಕಾರಣ ಪುಟದ ಭಾಗಗಳು ಅನಗತ್ಯವಾಗಿ ಮತ್ತೆ ಮತ್ತೆ ರಚನೆಯಾಗುತ್ತವೆ. ಅದನ್ನು ತಡೆಯಲೆಂದೇ ಯೂಸ್‌ಕಾಲ್‌ಬ್ಯಾಕ್ ಎಂಬ ಸಾಧನವಿದೆ.

ಗುರುತಿನ ಸಮತೆಯೂ ನಾವೆಣಿಸಿದಷ್ಟು ಗಟ್ಟಿಯಲ್ಲ. ಜಾವಾದ ಲ್ಯಾಂಬ್ಡಾ ಅಭಿವ್ಯಕ್ತಿಯೊಂದು ಪ್ರತಿಸಲ ಹೊಸ ವಸ್ತುವನ್ನು ಸೃಷ್ಟಿಸಬಹುದು ಅಥವಾ ಹಳೆಯದನ್ನೇ ಮತ್ತೆ ಕೊಡಬಹುದು. ಭಾಷೆಯ ನಿಯಮಗ್ರಂಥ ಎರಡಕ್ಕೂ ಅವಕಾಶ ಕೊಟ್ಟಿದೆ. ಸಿ++ ಭಾಷೆಯಲ್ಲಿ ಬೇರೆ ಬೇರೆ ಫಂಕ್ಷನ್‌ಗಳಿಗೆ ಬೇರೆ ಬೇರೆ ವಿಳಾಸವಿರಬೇಕೆಂಬುದು ನಿಯಮ. ಆದರೆ ಕಡತದ ಗಾತ್ರವನ್ನು ಕುಗ್ಗಿಸಲು ಕೆಲವು ಲಿಂಕರ್‌ಗಳು ಒಂದೇ ಯಂತ್ರಸಂಕೇತವಿರುವ ಫಂಕ್ಷನ್‌ಗಳನ್ನು ಒಂದರಲ್ಲಿ ಒಂದಾಗಿ ಮಡಚುತ್ತವೆ. ಆಗ ಎರಡು ವಿಳಾಸಗಳು ಒಂದಾಗಿ, ವಿಳಾಸಗಳ ಭೇದವನ್ನು ನಂಬಿದ್ದ ಪ್ರೋಗ್ರಾಮ್ ಎಡವುತ್ತದೆ. ಗೋಲ್ಡ್ ಎಂಬ ಲಿಂಕರ್‌ನಲ್ಲಿ, ವಿಳಾಸವನ್ನು ಹೋಲಿಸುವ ಸಂಭವವಿಲ್ಲದ ಫಂಕ್ಷನ್‌ಗಳನ್ನು ಮಾತ್ರ ಮಡಚುವ ಸುರಕ್ಷಿತ ಆಯ್ಕೆಯನ್ನು ಪ್ರತ್ಯೇಕವಾಗಿ ಇಟ್ಟಿರುವುದು ಈ ಕಾರಣದಿಂದಲೇ.

ಎರಡು ನಿಲುವುಗಳಲ್ಲಿ ನಿಷೇಧದ ನಿಲುವೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ. ಉತ್ತರ ಗೊತ್ತಿಲ್ಲದಾಗ ಗೊತ್ತಿಲ್ಲವೆನ್ನುವುದು, ಕೇಳದ ಪ್ರಶ್ನೆಗೆ ಖಚಿತವಾದ ಉತ್ತರ ಕೊಡುವುದಕ್ಕಿಂತ ಮೇಲು.

ನಿರ್ಣಯ ಸಾಧ್ಯವಿರುವ ಸೀಮೆಗಳು

ಸಾರ್ವತ್ರಿಕ ವಿಧಾನವಿಲ್ಲವೆಂದ ಮಾತ್ರಕ್ಕೆ ಎಲ್ಲೆಡೆ ಕತ್ತಲೆಯೆಂದಲ್ಲ. ಫಂಕ್ಷನ್‌ಗಳ ವರ್ಗವನ್ನು ಕಿರಿದುಗೊಳಿಸಿದಂತೆ ನಿರ್ಣಯ ಕೈಗೆಟಕುತ್ತದೆ.

ಬಹುಪದಗಳನ್ನು ತೆಗೆದುಕೊಳ್ಳಿ. ಒಂದು ಚರಾಕ್ಷರದ, 5ಕ್ಕಿಂತ ಹೆಚ್ಚಿನ ಘಾತವಿಲ್ಲದ ಎರಡು ಬಹುಪದಗಳು 6 ಬೇರೆ ಬೇರೆ ಬಿಂದುಗಳಲ್ಲಿ ಒಂದೇ ಬೆಲೆ ಕೊಟ್ಟರೆ ಎಲ್ಲೆಡೆಯೂ ಒಂದೇ ಬೆಲೆ ಕೊಡುತ್ತವೆ. ಅನಂತ ಇನ್‌ಪುಟ್‌ಗಳಿಗೆ ಆರೇ ಪರೀಕ್ಷೆಗಳು ಸಾಕಾಗುವ ಸಂದರ್ಭವಿದು. ಹೌದು–ಅಲ್ಲಗಳ ಮೇಲಷ್ಟೇ ಕೆಲಸ ಮಾಡುವ ಬೂಲಿಯನ್ ಫಂಕ್ಷನ್‌ಗಳ ಇನ್‌ಪುಟ್‌ಗಳು ಪರಿಮಿತವಾದ್ದರಿಂದ ಅವುಗಳ ಸಮತೆ ತತ್ತ್ವತಃ ನಿರ್ಣೇಯ. ರಾಂಡಲ್ ಬ್ರಯಂಟ್ ಅವರು 1986ರಲ್ಲಿ ಇಂತಹ ಫಂಕ್ಷನ್‌ಗಳನ್ನು ನಿರ್ಣಯಚಿತ್ರಗಳಾಗಿ ಬರೆಯುವ ವಿಧಾನವೊಂದನ್ನು ಪ್ರಕಟಿಸಿದರು. ಚರಾಕ್ಷರಗಳ ಅನುಕ್ರಮವನ್ನು ಮೊದಲೇ ನಿಗದಿಪಡಿಸಿದರೆ ಪ್ರತಿ ಫಂಕ್ಷನ್‌ಗೂ ಒಂದೇ ಒಂದು ಚಿತ್ರ ಸಾಧ್ಯ. ಚಿತ್ರ ಒಂದಾದರೆ ಫಂಕ್ಷನ್ ಒಂದು. ಚಿಪ್ಪುಗಳ ವಿನ್ಯಾಸವನ್ನು ಪರಿಶೀಲಿಸುವಲ್ಲಿ ಈ ವಿಧಾನ ಬಹುವಾಗಿ ಬಳಕೆಯಾಯಿತು. ಗುಣಾಕಾರದಂತಹ ಕೆಲವು ಫಂಕ್ಷನ್‌ಗಳಿಗೆ ಮಾತ್ರ ಆ ಚಿತ್ರ ತಾಳಲಾರದಷ್ಟು ದೊಡ್ಡದಾಗಿ ಬೆಳೆಯುತ್ತದೆ.

ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಉಲ್ರಿಕ್ ಬರ್ಗರ್ ಅವರು 1990ರಲ್ಲಿ ತೋರಿಸಿದ, ಮಾರ್ಟಿನ್ ಎಸ್ಕಾರ್ಡೊ ಅವರು 2007ರಲ್ಲಿ ಜನಪ್ರಿಯಗೊಳಿಸಿದ ಫಲಿತಾಂಶ. ಸೊನ್ನೆ, ಒಂದುಗಳ ಅನಂತ ಸರಣಿಯನ್ನು ಇನ್‌ಪುಟ್ ಆಗಿ ಪಡೆದು ಹೌದು ಅಥವಾ ಅಲ್ಲ ಎನ್ನುವ, ಯಾವ ಸರಣಿ ಕೊಟ್ಟರೂ ಖಂಡಿತ ಉತ್ತರಿಸುವ ಎರಡು ಫಂಕ್ಷನ್‌ಗಳ ಸಮತೆಯನ್ನು ಪ್ರೋಗ್ರಾಮ್ ಒಂದು ನಿರ್ಣಯಿಸಬಲ್ಲದು. ಇಂತಹ ಸರಣಿಗಳು ಎಣಿಕೆಗೂ ಮೀರಿದಷ್ಟಿವೆ. ಆದರೂ, ಮುಗಿಯುವ ಫಂಕ್ಷನ್ ಯಾವ ಸರಣಿಯಲ್ಲಾದರೂ ಪರಿಮಿತ ಸಂಖ್ಯೆಯ ಅಂಕಿಗಳನ್ನಷ್ಟೇ ನೋಡಲು ಸಾಧ್ಯ. ಎಲ್ಲ ಸರಣಿಗಳಿಗೂ ಒಟ್ಟಾಗಿ ಅನ್ವಯಿಸುವ ಮಿತಿಯೊಂದು ಇದ್ದೇ ಇರುತ್ತದೆಂದು ಗಣಿತದಿಂದ ಸಿದ್ಧವಾಗುತ್ತದೆ. ಹೀಗಾಗಿ ಅನಂತದ ಹುಡುಕಾಟ ಪರಿಮಿತದಲ್ಲಿ ಮುಗಿಯುತ್ತದೆ. ಒಂದೇ ಪೂರ್ಣಾಂಕವನ್ನು ಪಡೆಯುವ ಫಂಕ್ಷನ್‌ಗೆ ಇಲ್ಲದ ಈ ಸೌಲಭ್ಯ ಅನಂತ ಸರಣಿಯನ್ನು ಪಡೆಯುವ ಫಂಕ್ಷನ್‌ಗೆ ಇದೆ. ಇನ್‌ಪುಟ್‌ಗಳ ಸಂಖ್ಯೆಯೊಂದರಿಂದಲೇ ಪ್ರಶ್ನೆಯ ಕಾಠಿಣ್ಯವನ್ನು ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಯಾರು ನೋಡುತ್ತಿದ್ದಾರೆ ಎಂಬ ಪ್ರಶ್ನೆ

ನಡವಳಿಕೆಯ ಸಮತೆ ಎಂದಾಗ ಯಾವ ನಡವಳಿಕೆ ಎಂಬುದನ್ನೂ ಹೇಳಬೇಕಾಗುತ್ತದೆ. 1968ರಲ್ಲಿ ಜೇಮ್ಸ್ ಮಾರಿಸ್ ಅವರು ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ ಮಂಡಿಸಿದ ಕಲ್ಪನೆ ಇಲ್ಲಿ ದಾರಿ ತೋರುತ್ತದೆ. ಯಾವ ದೊಡ್ಡ ಪ್ರೋಗ್ರಾಮಿನೊಳಗೆ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೂ ಆ ಪ್ರೋಗ್ರಾಮಿನ ಫಲಿತಾಂಶದಲ್ಲಿ ವ್ಯತ್ಯಾಸ ಕಾಣದಿದ್ದರೆ ಎರಡೂ ಸಮ. ಸಂದರ್ಭವೇ ಇಲ್ಲಿ ಸಾಕ್ಷಿ. ಭಾಷೆ ಬದಲಾದರೆ ಸಂದರ್ಭಗಳೂ ಬದಲಾಗುತ್ತವೆ. ತನ್ನದೇ ಪಠ್ಯವನ್ನು ಓದಿಕೊಳ್ಳಲು ಅವಕಾಶವಿರುವ ಭಾಷೆಯಲ್ಲಿ ಬೇರೆ ರೀತಿ ಬರೆದ ಎರಡು ಫಂಕ್ಷನ್‌ಗಳ ಭೇದವನ್ನು ಯಾವುದಾದರೊಂದು ಸಂದರ್ಭ ಹೊರಗೆಡಹಬಲ್ಲದು.

ವೈದ್ಯಶಾಸ್ತ್ರದಲ್ಲಿ ಇದಕ್ಕೊಂದು ಹತ್ತಿರದ ಹೋಲಿಕೆಯಿದೆ. ಮೂಲ ಔಷಧಕ್ಕೆ ಬದಲಾಗಿ ಜೆನೆರಿಕ್ ಔಷಧವನ್ನು ಕೊಡಬಹುದೇ ಎಂದು ತೀರ್ಮಾನಿಸುವಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗುಳಿಗೆಯ ಬಣ್ಣ, ಆಕಾರಗಳನ್ನು ಹೋಲಿಸುವುದಿಲ್ಲ. ರಕ್ತದಲ್ಲಿ ಔಷಧ ತಲುಪುವ ಗರಿಷ್ಠ ಮಟ್ಟ ಮತ್ತು ಒಟ್ಟು ಪ್ರಮಾಣವನ್ನು ಅಳೆದು, ಎರಡು ಔಷಧಗಳ ಅನುಪಾತದ ಶೇ. 90ರ ವಿಶ್ವಾಸಾಂತರ ಶೇ. 80ರಿಂದ 125ರೊಳಗೆ ಇರಬೇಕೆನ್ನುತ್ತದೆ. ವಾರ್ಫರಿನ್‌ನಂತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಅಪಾಯವಿರುವ ಔಷಧಗಳಿಗೆ ಸೀಮೆ ಇನ್ನೂ ಬಿಗಿ. ಏನನ್ನು ಅಳೆಯಬೇಕು, ಎಷ್ಟು ವ್ಯತ್ಯಾಸವನ್ನು ಸಹಿಸಬಹುದು ಎಂಬೆರಡನ್ನೂ ಮೊದಲೇ ಘೋಷಿಸಿ, ಅನಂತರ ಸಮವೆನ್ನುವ ಪದ್ಧತಿ ಇದು.

ಗಣಕದ ದಶಮಾಂಶ ಲೆಕ್ಕಗಳಿಗೂ ಇಂತಹ ಘೋಷಣೆ ಬೇಕು. 0.1, 0.2, 0.3 ಈ ಮೂರನ್ನು ಕೂಡುವಾಗ ಮೊದಲೆರಡನ್ನು ಮೊದಲು ಕೂಡಿದರೆ ಹೆಚ್ಚಿನ ಭಾಷೆಗಳಲ್ಲಿ 0.6000000000000001 ಬರುತ್ತದೆ, ಕೊನೆಯ ಎರಡನ್ನು ಮೊದಲು ಕೂಡಿದರೆ 0.6. ಔಷಧದ ಲೆಕ್ಕದಲ್ಲಿ ಈ ಭೇದವನ್ನು ಕಡೆಗಣಿಸಬಹುದು. ಆದರೆ ಕಡೆಗಣಿಸಬಾರದ ಭೇದಗಳೂ ಇದೇ ರೀತಿ ಸಣ್ಣದಾಗಿ ಕಾಣಿಸಿಕೊಳ್ಳುತ್ತವೆ. ದೇಹದ ಮೇಲ್ಮೈಗೆ 1916ರ ಡುಬಾಯ್ ಸೂತ್ರವೂ ಬಳಕೆಯಲ್ಲಿದೆ. 170 ಸೆಂಟಿಮೀಟರ್, 65 ಕಿಲೋದ ವ್ಯಕ್ತಿಗೆ ಡುಬಾಯ್, ಮೋಸ್ಟೆಲ್ಲರ್ ಎರಡೂ 1.75 ಎನ್ನುತ್ತವೆ. 150 ಸೆಂಟಿಮೀಟರ್, 100 ಕಿಲೋದ ವ್ಯಕ್ತಿಗೆ ಒಂದು 1.92 ಎಂದರೆ ಇನ್ನೊಂದು 2.04 ಎನ್ನುತ್ತದೆ, ಅಂದರೆ ಶೇ. 6ರಷ್ಟು ಅಂತರ. ಬೆಳ್ಳಗಿರುವುದೆಲ್ಲ ಹಾಲಲ್ಲ.

ವ್ಯವಹಾರದಲ್ಲಿ ಮಾಡಬಹುದಾದದ್ದು

ಗಣಿತದಲ್ಲಿ ಸಮ, ಯಂತ್ರದಲ್ಲಿ ಅಸಮ ಎಂಬುದಕ್ಕೆ ಹೆಸರಾಂತ ನಿದರ್ಶನವೊಂದಿದೆ. ಅನುಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಹುಡುಕುವಾಗ ನಡುವಿನ ಸ್ಥಾನವನ್ನು ಕಂಡುಹಿಡಿಯಲು ಕೆಳಗಿನ ಮತ್ತು ಮೇಲಿನ ಸ್ಥಾನಗಳನ್ನು ಕೂಡಿ ಎರಡರಿಂದ ಭಾಗಿಸುತ್ತಾರೆ. 32 ಬಿಟ್‌ಗಳ ಪೂರ್ಣಾಂಕದ ಮಿತಿ 2147483647. ಮೊತ್ತ ಅದನ್ನು ದಾಟಿದರೆ ಋಣಸಂಖ್ಯೆಯಾಗಿಬಿಡುತ್ತದೆ. ಎರಡು ಸ್ಥಾನಗಳ ವ್ಯತ್ಯಾಸದ ಅರ್ಧವನ್ನು ಕೆಳಗಿನದಕ್ಕೆ ಕೂಡಿದರೆ ಈ ತೊಂದರೆಯಿಲ್ಲ. ಜಾವಾದ ಗ್ರಂಥಾಲಯದಲ್ಲಿ ಮೊದಲನೆಯ ರೂಪ ವರ್ಷಗಟ್ಟಲೆ ಉಳಿದಿತ್ತೆಂದು ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಎಲ್ಲರ ಗಮನಕ್ಕೆ ತಂದರು. 100 ಕೋಟಿಗೂ ಮೀರಿದ ಪಟ್ಟಿಗಳು ಬರುವವರೆಗೆ ಯಾವ ಪರೀಕ್ಷೆಯೂ ಅದನ್ನು ಹಿಡಿದಿರಲಿಲ್ಲ.

ಆದ್ದರಿಂದ ಹಳೆಯ ಫಂಕ್ಷನ್‌ನ ಸ್ಥಾನದಲ್ಲಿ ಹೊಸದನ್ನು ಇಡುವವರು ಕೆಲವು ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳಬೇಕು. ಇನ್‌ಪುಟ್‌ನ ವ್ಯಾಪ್ತಿ ಎಷ್ಟು? ಎಷ್ಟು ವ್ಯತ್ಯಾಸ ಸಹ್ಯ? ಉತ್ತರವೊಂದೇ ಮುಖ್ಯವೋ, ತೆಗೆದುಕೊಳ್ಳುವ ಕಾಲ, ದೋಷ ಬಂದಾಗಿನ ವರ್ತನೆ, ದಾಖಲೆಗಳಲ್ಲಿ ಬಿಡುವ ಗುರುತು ಇವೂ ಮುಖ್ಯವೋ? ಅನಂತರ ಪರೀಕ್ಷೆ. ಕೋಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಅವರು 2000ದಲ್ಲಿ ಪ್ರಕಟಿಸಿದ ಕ್ವಿಕ್‌ಚೆಕ್ ಸಾಧನ ನೂರಾರು ಯಾದೃಚ್ಛಿಕ ಇನ್‌ಪುಟ್‌ಗಳನ್ನು ತಾನೇ ಸೃಷ್ಟಿಸಿ ಎರಡು ಫಂಕ್ಷನ್‌ಗಳನ್ನು ಹೋಲಿಸಬಲ್ಲದು. ಇಂದು ಅದರ ರೂಪಾಂತರಗಳು ಅನೇಕ ಭಾಷೆಗಳಲ್ಲಿವೆ. ನಮ್ಮ ಮೂವರ ಉದಾಹರಣೆಯಲ್ಲಿ ಇಂತಹ ಸಾಧನ ಮೊದಲ ಕೆಲವೇ ಯತ್ನಗಳಲ್ಲಿ ಭೇದವನ್ನು ಹಿಡಿಯುತ್ತಿತ್ತು. ಪರೀಕ್ಷೆಗೂ ಮೀರಿದ ಭರವಸೆ ಬೇಕಾದಲ್ಲಿ ಸಾಧನೆಯೇ ಗತಿ. ಫ್ರಾನ್ಸಿನ ಝೇವಿಯರ್ ಲೆರಾಯ್ ಅವರ ತಂಡ ಕಾಂಪ್‌ಸರ್ಟ್ ಎಂಬ ಸಿ ಕಂಪೈಲರ್‌ಗೆ, ಅದು ಹೊರಡಿಸುವ ಯಂತ್ರಸಂಕೇತ ಮೂಲದ ಅರ್ಥವನ್ನು ಕೆಡಿಸುವುದಿಲ್ಲವೆಂಬ ಸಾಧನೆಯನ್ನು ಕಾಕ್ ಎಂಬ ಸಾಧನದಲ್ಲಿ ಬರೆದು ಯಂತ್ರದಿಂದಲೇ ಪರಿಶೀಲಿಸಿದೆ. ಎರಡು ಫಂಕ್ಷನ್‌ಗಳು ಸಮವೆಂಬುದನ್ನು ಯಂತ್ರ ತಾನಾಗಿ ಕಂಡುಹಿಡಿಯಲಾರದಿದ್ದರೂ, ಮನುಷ್ಯ ಬರೆದುಕೊಟ್ಟ ಸಾಧನೆ ಸರಿಯಿದೆಯೇ ಎಂದು ನೋಡಬಲ್ಲದು.

ಭಾಷೆ ‘ಸಮ’ ಎಂದು ಹೇಳಿದಾಗ ಯಾವ ಅರ್ಥದಲ್ಲಿ ಹೇಳಿತು ಎಂಬುದನ್ನು ತಿಳಿದುಕೊಳ್ಳುವುದು ಪ್ರೋಗ್ರಾಮರ್‌ನ ಹೊಣೆ. ಆ ಅರ್ಥಕ್ಕೂ ತನಗೆ ಬೇಕಾದ ಅರ್ಥಕ್ಕೂ ನಡುವೆ ಉಳಿಯುವ ಅಂತರವನ್ನು ಪರೀಕ್ಷೆಯಿಂದಲೋ ಸಾಧನೆಯಿಂದಲೋ ತುಂಬುವುದೂ ಅವರದೇ ಹೊಣೆ. ಲೆಕ್ಕದ ಇನ್ನೊಂದು ತುದಿಯಲ್ಲಿ 16 ಕಿಲೋ ತೂಕದ ಮಗುವಿರುವಾಗ ಆ ಅಂತರವನ್ನು ಯಾರೂ ತುಂಬದೆ ಬಿಡುವಂತಿಲ್ಲ.